ಮದುವೆ ಮನೆಯ ಸೋಬಾನೆ, ವಾಲಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕಡೆಯ ನಮ್ಮ ಊರಿನಲ್ಲಿ ಆರು ಜನ ಹೆಂಗಸರು ಸೇರಿಕೊಂಡು ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತೇವೆ. ಹನ್ನೆರಡು ವರ್ಷ ಆಯ್ತು. ಹಾಡೋಕೆ ಕರೆಯುವವರಿಗಿಂತ ಪ್ರಶ್ನೆ ಕೇಳೋಕೆ ಫೋನ್ ಮಾಡುವವರೇ ಜಾಸ್ತಿ. ಮಗಳ ಮದುವೆ ಗೊತ್ತಾಗಿದೆ, ನಮ್ಮ ಮನೆ ಹಾಡು ಇರಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡೋದು ಅಂತಲೇ ತಿಳಿಯುತ್ತಿಲ್ಲ ಅನ್ನುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಹೆಚ್ಚಾಗಿ ಕಂಡಿರುವುದು ಹಳೇ ಮೈಸೂರು ಕಡೆಯ ಮದುವೆಗಳನ್ನು. ಬೇರೆ ಕಡೆಯ ಪದ್ಧತಿಯನ್ನು ಆ ಕಡೆಯವರಿಂದಲೇ ಕೇಳಿ ತಿಳಿದುಕೊಂಡಿದ್ದೇನೆ.

ನಮ್ಮ ಮನೆತನಕ್ಕೆ ಅಂತ ಯಾವ ಹಾಡೂ ಇಲ್ಲ. ಆಗ ಏನು ಮಾಡೋದು?

ಇರುತ್ತದೆ, ಯಾರೂ ಕೇಳಿಲ್ಲ ಅಷ್ಟೆ. ಹಾಡು ಅಂದ ತಕ್ಷಣ ನಮಗೆ ವೇದಿಕೆ, ಮೈಕು ನೆನಪಾಗುತ್ತವೆ. ಮದುವೆ ಹಾಡು ಹುಟ್ಟಿದ್ದು ಕೆಲಸದ ಜೊತೆ. ಅರಿಶಿನ ಕುಟ್ಟುವಾಗ ಒಂದು ಪದ (ಹಾಡನ್ನೇ ನಾವು ಪದ ಅನ್ನುತ್ತೇವೆ), ಚಪ್ಪರಕ್ಕೆ ಹಸಿ ಸೊಪ್ಪು ಹೊದಿಸುವಾಗ ಒಂದು, ಬಳೆ ತೊಡಿಸುವಾಗ, ಎಣ್ಣೆ ಹಚ್ಚಿ ನೀರು ಹಾಕುವಾಗ, ಹಸೆಗೆ ಕರೆಯುವಾಗ, ಆರತಿ ಎತ್ತುವಾಗ, ಬೀಗರು ಊಟಕ್ಕೆ ಕೂತಾಗ, ಹೆಣ್ಣು ಒಪ್ಪಿಸುವಾಗ, ಹೊಸ ಸೊಸೆ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬರುವಾಗ ಹೀಗೆ ಒಂದೊಂದು ಶಾಸ್ತ್ರಕ್ಕೂ ಅದರದ್ದೇ ಪದ ಇರುತ್ತಿತ್ತು. ಹಾಗಾಗಿ ಮನೆಯ ಹಿರಿಯರನ್ನು "ನಿಮಗೆ ಯಾವ ಹಾಡು ಬರುತ್ತೆ?" ಅಂತ ಕೇಳಬೇಡಿ. "ನಿಮ್ಮ ಮದುವೇಲಿ ಅರಿಶಿನ ಕುಟ್ಟಿದವರು ಯಾರು? ಆಗ ಏನು ಹೇಳಿಕೊಂಡು ಕುಟ್ಟುತ್ತಿದ್ದರು?" ಅಂತ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಇನ್ನೊಂದು ಮಾತು. ಪದಗಳು ಊರಿಗೆಲ್ಲ ಒಂದೇ ಇರಬಹುದು, ಆದರೆ ಒಳಗೆ ಬರುವ ಹೆಸರುಗಳು ನಿಮ್ಮವು. ಹಸೆಗೆ ಕರೆಯುವ ಪದದಲ್ಲಿ ಮನೆದೇವರ ಹೆಸರು, ಊರಿನ ಹೆಸರು, ಸೋದರಮಾವನ ಹೆಸರು, ಹುಡುಗಿಯ ಅಪ್ಪ ಅಮ್ಮನ ಹೆಸರು ಎಲ್ಲ ಸೇರಿಸಿ ಹಾಡುತ್ತಾರೆ. ನಿಮ್ಮ ಮನೆದೇವರ ಹೆಸರು ಬಂದ ಮೇಲೆ ಅದು ನಿಮ್ಮ ಮನೆ ಹಾಡೇ ಅಲ್ವಾ?

ಅಜ್ಜಿಯನ್ನು ಎಷ್ಟು ಕೇಳಿದರೂ "ನೆನಪಿಲ್ಲ" ಅಂತಾರೆ. ಏನು ಮಾಡಲಿ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಇಲ್ಲೇ ಕೈ ಚೆಲ್ಲುತ್ತಾರೆ.

ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿ ಮುಂದೆ ಫೋನ್ ಹಿಡಿದರೆ "ಎಲ್ಲ ಮರ್ತೋಯ್ತು ಕಣ್ಮಗಾ, ಯಾವ ಕಾಲದ್ದು ಅದು" ಅಂತ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮೂರು ಸಲ ಪ್ರಯತ್ನಪಟ್ಟು ಬಿಟ್ಟುಬಿಟ್ಟೆ. ತಂಗಿ ಮದುವೆಗೆ ಎಂಟು ದಿನ ಇದ್ದಾಗ ಅಮ್ಮ ಅಟ್ಟದಿಂದ ಒನಕೆ ಇಳಿಸಿ, ತೊಳೆದು, ಒರಳಿನ ಕುಣಿಗೆ ಐದು ಅರಿಶಿನದ ಕೊಂಬು ಹಾಕಿದರು. ಶಾಸ್ತ್ರಕ್ಕೆ ನಾಲ್ಕು ಏಟು ಹಾಕಲಿ ಅಂತ ಅಜ್ಜಿಯ ಕೈಗೆ ಕೊಟ್ಟರು. ಒನಕೆ ಎತ್ತಿ ಒಂದು ಏಟು ಹಾಕಿದರು, ಎರಡನೇದು ಹಾಕಿದರು, ಮೂರನೇ ಏಟಿಗೆ ಉಸಿರಿನ ಜೊತೆ ಮೊದಲ ಸಾಲು ಬಂತು. ಆಮೇಲೆ ನಿಲ್ಲಲೇ ಇಲ್ಲ. ಏಟು ಬೀಳುವ ಕಡೆಯೇ ತಾಳ ಬೀಳುತ್ತಿತ್ತು, ಉಸಿರು ಎಳೆದುಕೊಳ್ಳುವ ಕಡೆ ಸಾಲು ಮುಗಿಯುತ್ತಿತ್ತು. ಹನ್ನೊಂದು ಪದ ಹಾಡಿದರು. ನಾನು ಆ ಗಡಿಬಿಡಿಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದು ಕೊನೆಯ ನಾಲ್ಕು ಮಾತ್ರ. ಉಳಿದ ಏಳು ಹೋದವು. ಆ ಸಂಕಟ ಇವತ್ತಿಗೂ ಇದೆ.

ಆದ್ದರಿಂದ ಅಜ್ಜಿಯ ಕೈಗೆ ಕೆಲಸ ಕೊಡಿ. ಒನಕೆ ಇಲ್ಲದಿದ್ದರೆ ಮೊರ ಕೊಡಿ, ಅಕ್ಕಿ ಕೇರಲಿ. ಬಳೆ ಹಾಡು ಬೇಕಾದರೆ ಬಳೆ ತಂದು ಮೊಮ್ಮಗಳ ಕೈಗೆ ತೊಡಿಸಲು ಹೇಳಿ. ಇಬ್ಬರು ವಾರಗಿತ್ತಿಯರನ್ನು, ಅಕ್ಕ ತಂಗಿಯರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೇದು. ಸೋಬಾನೆಯಲ್ಲಿ ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ, ಅಂದರೆ ಪಲ್ಲವಿಯನ್ನು ಒಟ್ಟಿಗೆ ತಿರುಗಿ ಹಾಡುತ್ತಾರೆ. ಒಬ್ಬರೇ ಇದ್ದರೆ ಸೊಲ್ಲು ಹಿಡಿಯುವವರಿಲ್ಲದೆ ಮುಂದಿನ ಸಾಲು ನೆನಪಿಗೆ ಬರಲು ಸಮಯವೇ ಸಿಗೋದಿಲ್ಲ. ಮರೆವು ಅಂತ ನಾವು ಅಂದುಕೊಳ್ಳುವುದರಲ್ಲಿ ಅರ್ಧ ಇದೇ.

ರೆಕಾರ್ಡ್ ಮಾಡಿಕೊಳ್ಳುವುದು ಹೇಗೆ? ದೊಡ್ಡ ಮೈಕ್ ಬೇಕಾ?

ಬೇಡ. ನಿಮ್ಮ ಫೋನ್ ಸಾಕು. ಫ್ಯಾನ್ ಆಫ್ ಮಾಡಿ, ಟಿವಿ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಾಡುವವರಿಂದ ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲ್ ಮೇಲೆ ಇಟ್ಟುಬಿಡಿ. ಕೈಯಲ್ಲಿ ಹಿಡಿದುಕೊಂಡು ಕೂರಬೇಡಿ, ಅವರಿಗೆ ಸಂಕೋಚ ಆಗುತ್ತದೆ. ಮಾತು ಶುರುವಾಗುವ ಮೊದಲೇ ರೆಕಾರ್ಡ್ ಒತ್ತಿ. ನನ್ನ ತಪ್ಪು ನೀವು ಮಾಡಬೇಡಿ.

ಹಾಡು ಮುಗಿದ ಮೇಲೆ ಅದೇ ದಿನ ಕೂತು ಬರೆದುಕೊಳ್ಳಿ. ಎಷ್ಟೋ ಮಾತುಗಳ ಅರ್ಥ ನಮಗೆ ಗೊತ್ತಿರುವುದಿಲ್ಲ, ಒಂದೊಂದಾಗಿ ಕೇಳಿ. ಅವರು ಹೇಳಿದ ಹಾಗೇ ಬರೆಯಿರಿ, 'ಹಾಲು' ಅನ್ನುವುದನ್ನು 'ಆಲು' ಅಂದರೆ ಆಲು ಅಂತಲೇ. ತಿದ್ದಿದರೆ ಎಷ್ಟೋ ಕಡೆ ಪ್ರಾಸವೇ ಕೆಡುತ್ತದೆ. ಯಾರಿಂದ ಕಲಿತರು, ಯಾವ ಊರು, ಯಾವ ಶಾಸ್ತ್ರದ್ದು ಅನ್ನುವುದನ್ನು ಜೊತೆಗೇ ಬರೆಯಿರಿ.

ಬರೆದಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೊಡಗು ಸಾಕ್ಷಿ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಹಾಡುಗಳನ್ನು ಕೂಡಿಸಿ, ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಪುಸ್ತಕ ಮಾಡಿದರು. ಅದರಲ್ಲಿ ಮದುವೆ ಹಾಡುಗಳೂ ಇವೆ. ನೂರು ವರ್ಷ ದಾಟಿದರೂ ಹಾಡುವವರು ಅದನ್ನು ತೆಗೆದು ನೋಡುತ್ತಾರೆ.

ನಮ್ಮ ಮನೆಯಲ್ಲಿ ಹಾಡುವ ತಲೆಮಾರೇ ಮುಗಿದಿದೆ. ಈಗ ಎಲ್ಲಿಂದ ತರೋದು?

ಮೊದಲು ನಿಮ್ಮ ಅಜ್ಜಿಯ ತವರಿನಲ್ಲಿ ವಿಚಾರಿಸಿ. ಹಾಡು ಹೆಣ್ಣುಮಕ್ಕಳ ಜೊತೆ ಊರಿಂದ ಊರಿಗೆ ಹೋಗುತ್ತದೆ, ಗಂಡನ ಮನೆಯಲ್ಲಿ ಯಾರಿಗೂ ಬಾರದ ಪದ ತವರಿನ ಓಣಿಯಲ್ಲಿ ಇನ್ನೂ ಯಾರ ಬಾಯಲ್ಲಾದರೂ ಇರುತ್ತದೆ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನೂ ಹುಡುಕಿ. ಮೂವತ್ತು ವರ್ಷದ ಹಿಂದಿನ ಮದುವೆ ವಿಡಿಯೋಗಳಿಗೆ ಅಂಗಡಿಯವರು ಸಿನಿಮಾ ಹಾಡು ಸೇರಿಸಿಬಿಟ್ಟಿರುತ್ತಾರೆ. ಆದರೂ ಕೆಲವು ಕಡೆ ಮೂಲ ಶಬ್ದ ಉಳಿದಿರುತ್ತದೆ, ಹಿಂದೆ ಎಲ್ಲೋ ಹೆಂಗಸರ ದನಿ ಕೇಳುತ್ತದೆ.

ಅದೂ ಸಿಗದಿದ್ದರೆ ನಿಮ್ಮ ಸೀಮೆಯ ಹಾಡು ಕಲಿಯಿರಿ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾಗಿದೆ. ಇಂಥ ಕಡೆ ಕೇಳಿದರೆ ನಿಮ್ಮ ಭಾಗದ ಹಾಡುಗಾರರ ಸುಳಿವು ಸಿಗಬಹುದು. ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರ ಹೆಸರು ಕೇಳಿರುತ್ತೀರಿ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು, 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅಂಥವರಿಂದ ಕಲಿತ ಹೆಣ್ಣುಮಕ್ಕಳು ಒಂದೊಂದು ಸೀಮೆಯಲ್ಲೂ ಇದ್ದಾರೆ, ಹುಡುಕಿಕೊಂಡು ಹೋಗಬೇಕು.

ಕಲಿಯುವಾಗ ದುರಾಸೆ ಬೇಡ. ಮೂರು ಹಾಡು ಸಾಕು: ಅರಿಶಿನದ್ದು, ಹಸೆಯದು, ಆರತಿಯದು. ಹೆಚ್ಚಿನವು ತ್ರಿಪದಿಯಲ್ಲಿ, ಅಂದರೆ ಮೂರು ಸಾಲಿನ ನುಡಿಗಳಲ್ಲಿ ಇರುವುದರಿಂದ ಒಂದು ದಾಟಿ ಕೈವಶವಾದರೆ ಉಳಿದ ನುಡಿಗಳು ಅದೇ ದಾಟಿಯಲ್ಲಿ ಕೂರುತ್ತವೆ. ಸೊಸೆಯಂದಿರು, ನಾದಿನಿಯರು, ಚಿಕ್ಕಮ್ಮಂದಿರು ಸೇರಿ ಒಂದು ತಿಂಗಳು ಸಂಜೆ ಹೊತ್ತು ಫೋನಿನಲ್ಲೇ ಕಲಿತು, ಮದುವೆಯಲ್ಲಿ ಸೊಗಸಾಗಿ ಹಾಡಿದ್ದನ್ನು ನಾನೇ ನೋಡಿದ್ದೇನೆ. ದನಿ ಚೆನ್ನಾಗಿಲ್ಲ ಅನ್ನುವ ಚಿಂತೆ ಬಿಡಿ. ಆರು ದನಿ ಕೂಡಿದರೆ ಸರಿಹೋಗುತ್ತದೆ.

ವಾಲಗದವರನ್ನು ಗೊತ್ತು ಮಾಡುವಾಗ ಏನೇನು ಮಾತಾಡಬೇಕು?

ಬಹಳ ಮನೆಗಳಲ್ಲಿ ದರ, ದಿನ, ಎಷ್ಟು ಜನ ಬರುತ್ತೀರಿ, ಇಷ್ಟೇ ಮಾತಾಡಿ ಮುಗಿಸುತ್ತಾರೆ. ಛತ್ರದವರೇ ಗೊತ್ತು ಮಾಡಿಕೊಟ್ಟರೆ ಅದೂ ಇಲ್ಲ. ದಯವಿಟ್ಟು ನೀವೇ ಒಮ್ಮೆ ಮಾತಾಡಿ. ನಾದಸ್ವರ ಒಂದೋ ಎರಡೋ, ಡೋಲು ಎಷ್ಟು, ಶ್ರುತಿ ಮತ್ತು ತಾಳಕ್ಕೆ ಬೇರೆ ಜನ ಬರುತ್ತಾರಾ ಇಲ್ಲ ಶ್ರುತಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಡುತ್ತಾರಾ ಕೇಳಿ. ಆಮೇಲೆ ನಿಮ್ಮ ಮನೆಯ ಶಾಸ್ತ್ರಗಳ ಪಟ್ಟಿ ಹೇಳಿ. ಎಲ್ಲಿ ವಾಲಗ ಬೇಕು, ಎಲ್ಲಿ ಬೇಡ ಅನ್ನುವುದನ್ನೂ ಹೇಳಿ. ಹೆಂಗಸರು ಹಸೆಯಲ್ಲಿ ಹಾಡುವಾಗ ವಾಲಗ ನಿಲ್ಲಬೇಕು. ಇದನ್ನು ಮೊದಲೇ ಹೇಳದಿದ್ದರೆ ಪಾಪ ಅವರು ಸುಮ್ಮನೆ ಕೂರಬಾರದು ಅಂತ ಜೋರಾಗಿ ನುಡಿಸುತ್ತಲೇ ಇರುತ್ತಾರೆ.

ನುರಿತವರಿಗೆ ಯಾವ ಹೊತ್ತಿಗೆ ಏನು ಅಂತ ನಾವು ಹೇಳಿಕೊಡಬೇಕಾಗಿಲ್ಲ. ನಾಟ ರಾಗದಲ್ಲಿ ಶುರು ಮಾಡುತ್ತಾರೆ, ಬೆಳಗಿನ ಹೊತ್ತಿಗೆ ಬಿಲಹರಿಯಂಥವು, ಲಾಲಿಗೆ ಆನಂದಭೈರವಿ, ಮಂಗಳಕ್ಕೆ ಮಧ್ಯಮಾವತಿ ಅಥವಾ ಸುರುಟಿ. ನಿಮ್ಮ ತಾತನಿಗೆ ಇಷ್ಟವಾದ ಒಂದು ರಾಗವೋ ದೇವರನಾಮವೋ ಇದ್ದರೆ ಹೇಳಿ ನೋಡಿ. ಅವರ ಮುಖ ಅರಳುತ್ತದೆ, ಕೇಳುವವರೇ ಇಲ್ಲದ ಕಾಲ ಇದು.

ಗಟ್ಟಿಮೇಳ ಯಾಕೆ? ಅದನ್ನು ಸ್ಪೀಕರಿನಲ್ಲಿ ಹಾಕಿದರೆ ಆಗೋಲ್ವಾ?

ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದು ಅಂತ ಗಟ್ಟಿಯಾಗಿ ನುಡಿಸುತ್ತಾರೆ ಅನ್ನುವುದು ಹಿರಿಯರು ಹೇಳುವ ಕಾರಣ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೈ ಎತ್ತುತ್ತಾರೆ, ಡೋಲು ಒಮ್ಮೆಲೇ ಏರುತ್ತದೆ, ಅಕ್ಷತೆ ಬೀಳುತ್ತದೆ.

ಸ್ಪೀಕರ್ ವಿಷಯಕ್ಕೆ ನನ್ನ ಉತ್ತರ ಬೇಡ ಅಂತ. ನಾದಸ್ವರದವರು ಹುಡುಗನ ಕೈಯನ್ನೇ ನೋಡುತ್ತಿರುತ್ತಾರೆ. ಕೈ ನಡುಗಿ ಗಂಟು ಬೀಳುವುದು ತಡವಾದರೆ ಅವರೂ ಎಳೆಯುತ್ತಾರೆ. ಮೂರನೇ ಗಂಟು ಬಿದ್ದ ಮೇಲೆಯೇ ಇಳಿಸುತ್ತಾರೆ. ರೆಕಾರ್ಡಿಗೆ ಕಣ್ಣಿಲ್ಲ. ಒಂದು ಮದುವೆಯಲ್ಲಿ ಎರಡನೇ ಗಂಟಿಗೇ ಹಾಡು ಮುಗಿದು, ಸೌಂಡ್‌ನವನು ಗಾಬರಿಯಿಂದ ಇನ್ನೇನೋ ಒತ್ತಿ, ಯಾವುದೋ ಜಾಹೀರಾತು ಶುರುವಾಯಿತು. ಹುಡುಗಿಯ ಅಮ್ಮನ ಕಣ್ಣಲ್ಲಿ ನೀರು. ಖರ್ಚು ಕಡಿಮೆ ಮಾಡಲೇಬೇಕು ಅಂದರೆ ಬೇರೆ ಕಡೆ ಮಾಡಿ, ಮುಹೂರ್ತದ ಒಂದೆರಡು ಗಂಟೆಗಾದರೂ ಒಂದು ನಾದಸ್ವರ, ಒಂದು ಡೋಲು ಇರಲಿ.

ಹುಡುಗಿ ಕಡೆ ಒಂದು ಪದ್ಧತಿ, ಹುಡುಗನ ಕಡೆ ಇನ್ನೊಂದು. ಯಾರದ್ದು ಇಟ್ಟುಕೊಳ್ಳೋದು?

ಎರಡೂ. ಹೇಗಿದ್ದರೂ ಶಾಸ್ತ್ರಗಳು ಹಲವು ಇವೆ, ಹಂಚಿಕೊಳ್ಳಲು ಜಾಗ ಬೇಕಾದಷ್ಟಿದೆ. ಧಾರವಾಡ, ಬೆಳಗಾವಿ ಕಡೆಯವರಾದರೆ ಸನಾದಿ, ಹಲಗೆ ನುಡಿಸುವ ವಾಜಂತ್ರಿಯವರು (ವಾದ್ಯದವರು) ಇರುತ್ತಾರೆ. ಮಂಗಳಾಷ್ಟಕ ಹೇಳುತ್ತಾ ಪ್ರತಿ ನುಡಿಯ ಕೊನೆಗೆ "ಸಾವಧಾನ" ಅಂದಾಗ ಅಕ್ಷತೆ ಹಾಕುತ್ತಾರೆ, ಕೊನೆಯ ನುಡಿ ಮುಗಿಯುತ್ತಿದ್ದ ಹಾಗೆ ವಾಜಂತ್ರಿ ಏಳುತ್ತದೆ. ಈ ಮಂಗಳಾಷ್ಟಕದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಏನೆಂದರೆ ಸೋದರತ್ತೆಯೋ ದೊಡ್ಡಪ್ಪನೋ ಎರಡೂ ಮನೆಯವರ ಹೆಸರು ಸೇರಿಸಿ ಹೊಸ ನುಡಿ ಕಟ್ಟಿ ಹಾಡುವ ರೂಢಿ ಇದೆ. ಆಮೇಲೆ ಊಟದ ಹೊತ್ತಿಗೆ ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸದ ಪುಟ್ಟ ನುಡಿಯೊಳಗೆ ಸೇರಿಸಿ ಹೇಳಿಸುತ್ತಾರೆ. ಹಳೇ ಮೈಸೂರು ಕಡೆಯ ಹುಡುಗನ ಮನೆಯವರು ಇದನ್ನು ಮೊದಲ ಸಲ ಕಂಡಾಗ ಎಷ್ಟು ಖುಷಿಪಡುತ್ತಾರೆ ಗೊತ್ತಾ!

ಕೊಡವರ ಮದುವೆಯಲ್ಲಿ ಪುರೋಹಿತರು ಇರುವುದಿಲ್ಲ, ಹಿರಿಯರೇ ಹರಸುತ್ತಾರೆ. ನಾಲ್ವರು ಗಂಡಸರು ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಬಾಳೋಪಾಟ್ ಅನ್ನುವ ಹಾಡು ಹಾಡುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರಲ್ಲಿ ಮದುವೆಗೆ ಮೊದಲು ನಡೆಯುವ ರೋಸ್ ಶಾಸ್ತ್ರದ ದಿನ, ತೆಂಗಿನ ಹಾಲು ಹಚ್ಚುವಾಗ, ಹಿರಿಯ ಹೆಂಗಸರು ವೊವಿಯೊ ಅನ್ನುವ ಮದುವೆ ಹಾಡು ಹಾಡುತ್ತಾರೆ. ಮಾಧ್ವರ ಮನೆಗಳಲ್ಲಿ ವಾದಿರಾಜರ ಲಕ್ಷ್ಮೀ ಶೋಭಾನೆ ಇಲ್ಲದೆ ಮದುವೆಯೇ ಇಲ್ಲ. ಇವುಗಳಲ್ಲಿ ಯಾವ ಎರಡು ಕೂಡಿದರೂ ಒಂದೇ ಕಟ್ಟಳೆ ನೆನಪಿಟ್ಟುಕೊಳ್ಳಿ: ಒಂದು ನಡೆಯುವಾಗ ಇನ್ನೊಂದು ಸುಮ್ಮನಿರಬೇಕು. ಎರಡನ್ನೂ ಬೆರೆಸಿ 'ಫ್ಯೂಷನ್' ಮಾಡಲು ಹೋದರೆ ಎರಡು ಕಡೆಯ ಹಿರಿಯರಿಗೂ ತಮ್ಮದು ಕೇಳಿಸುವುದಿಲ್ಲ.

ಸ್ಯಾಕ್ಸೋಫೋನ್ ಇಡೋದು ಸಂಪ್ರದಾಯಕ್ಕೆ ವಿರುದ್ಧ ಅಂತಾರೆ ನಮ್ಮ ದೊಡ್ಡಪ್ಪ. ಹೌದಾ?

ದಕ್ಷಿಣ ಕನ್ನಡದಲ್ಲಿ ಈ ಮಾತು ಹೇಳಿದರೆ ಯಾರೂ ಒಪ್ಪುವುದಿಲ್ಲ. ಅಲ್ಲಿ ಮದುವೆ, ಉತ್ಸವ ಎಲ್ಲದಕ್ಕೂ ಸ್ಯಾಕ್ಸೋಫೋನ್ ಬರುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಕದ್ರಿ ಗೋಪಾಲನಾಥರು ನಾದಸ್ವರ ನುಡಿಸುವವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕಂಡು ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ನಮ್ಮ ಗಮಕಗಳನ್ನು ಅದರಲ್ಲಿ ತಂದರು. 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಹೊರಗಿಂದ ಬಂದ ವಾದ್ಯ ಒಂದೆರಡು ತಲೆಮಾರಿನಲ್ಲಿ ಮನೆಯದ್ದಾಯಿತು. ಆದರೂ ನಿಮ್ಮ ದೊಡ್ಡಪ್ಪನ ಮನಸ್ಸಿಗೆ ನೋವಾಗುವುದಾದರೆ ಮುಹೂರ್ತಕ್ಕೆ ನಾದಸ್ವರ, ಆರತಕ್ಷತೆಗೆ ಸ್ಯಾಕ್ಸೋಫೋನ್ ಇಟ್ಟುಕೊಳ್ಳಿ. ಜಗಳ ಮಾಡುವಷ್ಟು ದೊಡ್ಡ ವಿಷಯ ಅಲ್ಲ ಇದು.

ವಾಲಗದಲ್ಲಿ ಸಿನಿಮಾ ಹಾಡು ನುಡಿಸಬಹುದಾ?

ನುಡಿಸಬಹುದು. ಊಟದ ಹೊತ್ತಿಗೆ, ದಿಬ್ಬಣ ಬರುವಾಗ ಚೆನ್ನಾಗಿರುತ್ತದೆ. ಧಾರೆಯ ಹೊತ್ತಿನಲ್ಲಿ ಬೇಡ.

ಡಿಜೆ ಕೂಡ ಬೇಕು ಅಂತ ಹುಡುಗರ ಹಟ. ಸೋಬಾನೆಯೂ ಇರಬೇಕು. ಹೇಗೆ?

ಹೊತ್ತು ಬೇರೆ ಮಾಡಿ. ಜಾಗ ಬೇರೆ ಮಾಡಿದರೆ ಇನ್ನೂ ಒಳ್ಳೇದು. ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅರಿಶಿನ ಶಾಸ್ತ್ರವನ್ನೂ ಡಿಜೆಯನ್ನೂ ಒಂದೇ ಸಂಜೆಗೆ ಇಟ್ಟಿದ್ದರು. ನಾವು ಹಾಡೋಕೆ ಕೂತೆವು, ಎರಡು ಸಾಲು ಆಗಿತ್ತು, ಅಷ್ಟರಲ್ಲಿ ಸೌಂಡ್ ಚೆಕ್ ಶುರುವಾಯಿತು. ಎದೆಗೆ ಗುದ್ದಿದ ಹಾಗೆ ಶಬ್ದ. ಎಂಬತ್ತರ ನಮ್ಮ ಸೋದರತ್ತೆ ಬಾಯಿ ಆಡಿಸುತ್ತಲೇ ಇದ್ದರು, ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ನುಡಿ ಮುಗಿಸಿ, ಕೈಗೆ ಹತ್ತಿದ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋದರು. ಬೈಯಲಿಲ್ಲ, ಏನೂ ಅನ್ನಲಿಲ್ಲ. ಆಮೇಲೆ ಯಾವ ಮದುವೆಯಲ್ಲೂ ಅವರು ಹಾಡಿಲ್ಲ.

ತಪ್ಪು ಸೌಂಡ್‌ನವರದ್ದು ಮಾತ್ರ ಅಂತ ನಾನು ಹೇಳೋದಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಈಗ ನಾವು ಹೋದ ಕಡೆ ಮೊದಲು ಮಾಡುವ ಕೆಲಸ ಇದು: ಮನೆಯಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತು ಮಾಡಿ, ಯಾವ ಶಾಸ್ತ್ರ ಎಷ್ಟು ಹೊತ್ತಿಗೆ, ಅಲ್ಲಿ ಹಾಡು ಎಷ್ಟು ನಿಮಿಷ ಅಂತ ಬರೆದು ಕೊಡುತ್ತೇವೆ. ಸ್ಪೀಕರ್ ನಿಲ್ಲಿಸುವ ಜವಾಬ್ದಾರಿ ಅವರದ್ದು. ಫೋಟೋದವರಿಗೂ ಅವರೇ ಹೇಳಬೇಕು, ಇಲ್ಲದಿದ್ದರೆ "ಅಮ್ಮಾ, ಸ್ವಲ್ಪ ಈ ಕಡೆ ನೋಡಿ" ಅಂತ ಹಾಡಿನ ನಡುವೆ ಕೂಗುತ್ತಾರೆ. ಒಂದು ಶಾಸ್ತ್ರಕ್ಕೆ ಹತ್ತು ನಿಮಿಷ ಬಿಟ್ಟುಕೊಟ್ಟರೆ ಸಾಕು. ಮೈಕು ಬೇಡ, ಜನ ಹತ್ತಿರ ಬಂದು ಕೂರುತ್ತಾರೆ. ದೊಡ್ಡ ಛತ್ರವಾದರೆ ಮಾತ್ರ ಒಂದು ಮೈಕನ್ನು ಸ್ಟ್ಯಾಂಡಿಗೆ ಹಾಕಿ ನಡುವೆ ಇಡಿ, ಕೈಗೆ ಕೊಡಬೇಡಿ. ಕೈಯಲ್ಲಿ ಅರಿಶಿನ ಇರುತ್ತದಲ್ಲ.

ಬೀಗರನ್ನು ಹಳಿಯುವ ಹಾಡು ಹಾಡಬಹುದಾ? ಜಗಳ ಆದರೆ?

ಬೀಗರ ಮೂಗು, ಮೀಸೆ, ಜಿಪುಣತನ, ಊಟದ ಆಸೆ ಎಲ್ಲ ಹಿಡಿದು ರೇಗಿಸುವ ಪದಗಳು ಬಹಳ ಹಳೆಯವು. ಎರಡು ಮನೆಯವರ ನಡುವಿನ ಬಿಗುವು ಸಡಿಲವಾಗಲಿ ಅಂತಲೇ ಇವು ಇದ್ದದ್ದು. ಆ ಕಡೆಯವರೂ ತಿರುಗಿ ಹಾಡುತ್ತಿದ್ದರು. ಈಗ ಆ ಕಡೆಯವರಿಗೆ ಹಾಡು ಬಾರದಿದ್ದರೆ ಒಂದೇ ಕಡೆಯಿಂದ ಬೈದ ಹಾಗೆ ಆಗುತ್ತದೆ. ಹಾಗಾಗಿ ಮೊದಲೇ ಬೀಗಿತ್ತಿಗೆ ಹೇಳಿಬಿಡಿ, ನಾಲ್ಕು ನುಡಿ ಅವರಿಗೂ ಕಲಿಸಿಕೊಡಿ. ಮೈಬಣ್ಣ, ಕುಂಟು, ಬಡತನ, ಮಕ್ಕಳಿಲ್ಲದಿರುವುದು ಇಂಥವು ಹಳೇ ಪದಗಳಲ್ಲಿ ಇದ್ದರೆ ಬಿಟ್ಟುಬಿಡಿ. ನಾವು ಅವನ್ನು ಹಾಡುವುದು ನಿಲ್ಲಿಸಿ ವರ್ಷಗಳಾದವು, ಯಾರೂ ಕೇಳಿಲ್ಲ.

ಹೆಣ್ಣು ಒಪ್ಪಿಸುವ ಹಾಡು ಬೇಡ ಅಂತಾಳೆ ಮಗಳು. "ನಾನೇನು ವಸ್ತುನಾ ಒಪ್ಪಿಸೋಕೆ" ಅಂತಾಳೆ.

ಅವಳ ಮಾತಿನಲ್ಲಿ ನ್ಯಾಯ ಇದೆ. ಎಷ್ಟೋ ಪದಗಳಲ್ಲಿ ಗಂಡನ ಮಾತು ಮೀರಬೇಡ, ಅತ್ತೆಗೆ ಎದುರಾಡಬೇಡ, ತವರನ್ನು ಮರೆ ಅಂತ ಬುದ್ಧಿವಾದವೇ ತುಂಬಿದೆ. ಆದರೆ ಅದೇ ಹಾಡುಗಳಲ್ಲಿ ಸಾಕಿದ ಹಸು, ಹಿತ್ತಿಲ ಮಲ್ಲಿಗೆ ಬಳ್ಳಿ, ಅಣ್ಣ ತಂದ ಬಳೆ, ಅಮ್ಮ ಬಾಗಿಲಲ್ಲಿ ನಿಂತು ನೋಡುವುದು ಇವೂ ಇವೆ. ಮಗಳ ಜೊತೆ ಕೂತು ಓದಿ. ಯಾವ ನುಡಿ ಇರಲಿ ಅನ್ನುವುದನ್ನು ಅವಳೇ ಆರಿಸಲಿ. ಜನಪದ ಹಾಡು ಯಾವತ್ತೂ ಹೀಗೇ ಬದಲಾಗುತ್ತಾ ಬಂದಿದೆ, ಹಾಡುವವಳು ತನಗೆ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಸೇರಿಸಿದ್ದಾಳೆ. ಒಂದು ಮನೆಯಲ್ಲಿ ಹುಡುಗಿಯ ಅಪ್ಪನೇ ಎರಡು ನುಡಿ ಬರೆದರು, "ಬಾಗಿಲು ತೆರೆದೇ ಇದೆ, ಬಾ" ಅನ್ನುವ ಅರ್ಥ ಬರುವ ಹಾಗೆ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಹುಡುಗಿ ಆಗ ಅತ್ತಳು.

ಗಂಡ ತೀರಿಕೊಂಡ ಅಜ್ಜಿ, ದೊಡ್ಡಮ್ಮ ಹಸೆಯಲ್ಲಿ ಹಾಡಬಹುದಾ?

ಹಾಡಬೇಕು. ಮುತ್ತೈದೆಯರೇ ಹಾಡಬೇಕು ಅನ್ನುವ ಕಟ್ಟು ಬಹಳ ಮನೆಗಳಲ್ಲಿದೆ, ಗೊತ್ತು. ಅದರಿಂದ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ದೊಡ್ಡಮ್ಮನಿಗೆ ಬಾರದ ಪದವೇ ಇರಲಿಲ್ಲ. ದೊಡ್ಡಪ್ಪ ಹೋದ ಮೇಲೆ ಮದುವೆ ಮನೆಗಳಲ್ಲಿ ಅವರು ಅಡುಗೆ ಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಹಸೆಯ ಹತ್ತಿರ ಹಾಡುತ್ತಿದ್ದ ನಾವು ಸಾಲು ಮರೆತು ತಡವರಿಸಿದರೆ, ಬಾಗಿಲ ಹಿಂದಿನಿಂದ ಮೆಲ್ಲಗೆ ಮುಂದಿನ ಸಾಲು ಬರುತ್ತಿತ್ತು. ನಾವು ಅದನ್ನು ಹಿಡಿದು ಜೋರಾಗಿ ಹಾಡುತ್ತಿದ್ದೆವು. ಹೊರಗೆ ಕೂತವರೆಲ್ಲ ನಮ್ಮನ್ನು ಹೊಗಳುತ್ತಿದ್ದರು. ನನ್ನ ಮದುವೆ ಹೊತ್ತಿಗೆ ಅಮ್ಮ ಹೋಗಿ ಅವರ ಕೈ ಹಿಡಿದು ಕರೆತಂದು ನನ್ನ ಪಕ್ಕ ಕೂರಿಸಿದರು. ಒಂದಿಬ್ಬರು ಗೊಣಗಿದರು. ದೊಡ್ಡಮ್ಮ ತಲೆ ಎತ್ತಲೇ ಇಲ್ಲ, ಆದರೆ ದನಿ ಎತ್ತಿದರು.

ನಿಮ್ಮ ಮನೆಯಲ್ಲಿ ಯಾರಾದರೂ ಗೊಣಗಬಹುದು ಅಂತಿದ್ದರೆ ಮದುವೆಯ ದಿನಕ್ಕೆ ಬಿಡಬೇಡಿ. ಮೊದಲೇ ಮನೆಯ ಯಜಮಾನರು, ಇಲ್ಲ ಮದುಮಗಳೇ ಬಾಯಿಬಿಟ್ಟು ಹೇಳಲಿ, ಅಜ್ಜಿ ಹಾಡದೆ ನಾನು ಹಸೆಗೆ ಬರೋಲ್ಲ ಅಂತ.

ಮಂತ್ರಮಾಂಗಲ್ಯ, ರಿಜಿಸ್ಟರ್ ಮದುವೆ, ವಚನ ಹೇಳಿ ಮಾಡುವ ಮದುವೆ ಇಲ್ಲೆಲ್ಲ ಹಾಡಿಗೆ ಜಾಗ ಇದೆಯಾ?

ಧಾರಾಳವಾಗಿ ಇದೆ. ಕುವೆಂಪು ಅವರು ಮಂತ್ರಮಾಂಗಲ್ಯ ಅನ್ನುವ ಸರಳ ಮದುವೆಯ ಮೂಲಕ ಬಿಡಿಸಲು ಹೊರಟಿದ್ದು ಆಡಂಬರ, ವರದಕ್ಷಿಣೆ, ಮುಹೂರ್ತದ ಭಯ ಇವುಗಳನ್ನು. ಅಜ್ಜಿಯ ಪದಕ್ಕೂ ಇವಕ್ಕೂ ಸಂಬಂಧ ಇಲ್ಲ. ಪ್ರಮಾಣವಚನ ಮುಗಿದ ಮೇಲೆ ಹಾರ ಹಾಕುವಾಗ ಒಂದು ಸೋಬಾನೆ, ಎಷ್ಟು ಚೆಂದ ಇರುತ್ತದೆ! ಲಿಂಗಾಯತ ಮನೆಗಳಲ್ಲಿ ವಚನ ಹಾಡಿ ಮಾಡುವ ಮದುವೆಗಳಿಗೂ ಹೋಗಿದ್ದೇನೆ. ಅಲ್ಲಂತೂ ಬಂದವರೆಲ್ಲ ದನಿ ಕೂಡಿಸುತ್ತಾರೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಡೋಕೆ ಆಗೋದಿಲ್ಲ, ಮನೆಗೆ ಬಂದು ಹೊಸ್ತಿಲಲ್ಲಿ ಆರತಿ ಎತ್ತುವಾಗ ಹಾಡಿ.

ತೀರಿಕೊಂಡವರ ದನಿ ರೆಕಾರ್ಡ್ ಇದೆ. ಮದುವೆಯಲ್ಲಿ ಹಾಕಬಹುದಾ?

ಹಾಕಬಹುದು, ಆದರೆ ಮೊದಲು ಮನೆಯವರು ಮಾತ್ರ ಕೂತು ಒಮ್ಮೆ ಕೇಳಿ. ಮದುವೆಯ ದಿನ ತಟ್ಟನೆ ಹಾಕಿದರೆ ಮದುಮಗಳ ಅಮ್ಮನಿಗೆ ತಡೆದುಕೊಳ್ಳಲು ಆಗದಿರಬಹುದು. ಅರಿಶಿನ ಶಾಸ್ತ್ರದಂಥ ಮನೆಮಟ್ಟಿನ ಹೊತ್ತಿಗೆ ಒಂದು ನುಡಿ ಹಾಕಿ, ಮುಂದಿನದನ್ನು ನೀವೇ ಹಾಡಿ. ನಮ್ಮ ಅಜ್ಜಿಯ ಆ ನಾಲ್ಕು ಪದಗಳನ್ನು ನಾವು ಹೀಗೇ ಮಾಡುತ್ತೇವೆ, ಒನಕೆಯ ಸದ್ದು ಕೇಳಿದ ತಕ್ಷಣ ಮಕ್ಕಳು ಕೂಡ ಸೊಲ್ಲು ಹಿಡಿಯುತ್ತಾರೆ.

ಹಾಡು ಹಾಕೋಕೆ ಲೈಸೆನ್ಸ್ ಬೇಕು ಅಂತ ಛತ್ರದವರು ಹೇಳ್ತಾರೆ. ನಿಜನಾ?

ಅಜ್ಜಿಯ ಜನಪದ ಹಾಡಿಗೆ ಯಾರೂ ಹಣ ಕೇಳುವಂತಿಲ್ಲ. ಸಿನಿಮಾ ಹಾಡಿನ ವಿಷಯಕ್ಕೆ ಬಂದರೆ, 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಇದೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಅಂತ ಅಲ್ಲೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೊಮ್ಮೆ ಪ್ರಕಟಣೆ ಕೊಟ್ಟು ಹೇಳಿತು. ಆದರೂ ವಿವಾದ ಪೂರ್ತಿ ಮುಗಿದಿಲ್ಲ. ಗೋವಾ ಸರ್ಕಾರದ ಇಂಥದ್ದೇ ಒಂದು ಸುತ್ತೋಲೆಯನ್ನು 2024ರಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿದೆ. ಛತ್ರ ಬುಕ್ ಮಾಡುವಾಗಲೇ ಕೇಳಿ, ಏನು ಹೇಳಿದರೂ ಬರೆದು ಕೊಡಲು ಹೇಳಿ. ಮದುವೆ ವಿಡಿಯೋವನ್ನು ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ, ಸಿನಿಮಾ ಹಾಡು ಇದ್ದರೆ ಅಲ್ಲಿ ಶಬ್ದ ಕಟ್ ಆಗಬಹುದು.

ಹೊತ್ತಿನ ಬಗ್ಗೆಯೂ ತಿಳಿದಿರಲಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಾದ್ಯಕ್ಕೂ ಇದು ಅನ್ವಯಿಸುತ್ತದೆ. ಮುಚ್ಚಿದ ಸಭಾಂಗಣದ ಒಳಗೆ ಅಡ್ಡಿಯಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಗುರುತಿಸಿರುತ್ತಾರೆ, ದಿಬ್ಬಣ ಅಲ್ಲಿ ಬಂದಾಗ ವಾಲಗ ನಿಲ್ಲಿಸಲು ಹೇಳಿ.

ವಾಲಗದವರಿಗೆ, ಹಾಡುವವರಿಗೆ ಏನು ಕೊಡಬೇಕು?

ಮಾತಾಡಿದ ಹಣ ಅಂತೂ ಸರಿ, ಅದನ್ನು ಛತ್ರ ಬಿಡುವ ಮೊದಲೇ ಕೊಟ್ಟುಬಿಡಿ. ಎಷ್ಟೋ ಕಡೆ ಹೆಣ್ಣು ಕಳಿಸುವ ಗಲಾಟೆಯಲ್ಲಿ ಅವರು ಮೂಲೆಯಲ್ಲಿ ಕಾಯುತ್ತಾ ಕೂತಿರುತ್ತಾರೆ, ಯಾರನ್ನು ಕೇಳಬೇಕು ಅಂತಲೂ ತಿಳಿಯುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಂದು ನುಡಿಸಲು ಕೂತವರು ಅವರು. ಹೊಟ್ಟೆ ತುಂಬಿದರೆ ಊದಲು ಕಷ್ಟ ಅಂತ ಬೆಳಗ್ಗೆ ಸರಿಯಾಗಿ ತಿಂದೂ ಇರುವುದಿಲ್ಲ. ನಾದಸ್ವರವನ್ನು ಹತ್ತಿರದಿಂದ ನೋಡಿದ್ದೀರಾ? ಊದುವ ತುದಿಗೆ ಸೀವಾಳಿ ಅಂತ ಪುಟ್ಟ ನಾಲಗೆ ಇರುತ್ತದೆ, ಒಂದು ಹೋದರೆ ಇನ್ನೊಂದು ಇರಲಿ ಅಂತ ಪಕ್ಕದಲ್ಲೇ ದಾರದಲ್ಲಿ ನಾಲ್ಕೈದು ನೇತು ಹಾಕಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಊದಿಕೊಂಡಿರುತ್ತದೆ.

ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿ, ಬಡಿಸುವವರಿಗೆ ಹೇಳಿ ಕೂರಿಸಿ. ಹಣವನ್ನು ಸುಮ್ನೆ ಕೈಗೆ ತುರುಕಬೇಡಿ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟು, ಹುಡುಗ ಹುಡುಗಿಯ ಕೈಯಲ್ಲೇ ಕೊಡಿಸಿ. ಹಾಡಿದ ಅಜ್ಜಿಯಂದಿರಿಗೆ ಸೀರೆ ಕೊಡುವವರಿದ್ದಾರೆ, ಆಗದಿದ್ದರೆ ಒಂದು ಡಜನ್ ಬಳೆ, ಒಂದು ಮೊಳ ಹೂವು ಸಾಕು. ಹೋದ ವರ್ಷ ಒಬ್ಬ ಮದುಮಗ ತಟ್ಟೆ ಕೊಟ್ಟು ಡೋಲಿನ ತಾತನ ಕಾಲಿಗೆ ಬಗ್ಗಿದ. ತಾತ ಬೆರಳಿಗೆ ಹಾಕಿದ್ದ ಗಟ್ಟಿ ಟೋಪಿಗಳನ್ನು ಇನ್ನೂ ತೆಗೆದಿರಲಿಲ್ಲ, ಗಾಬರಿಯಿಂದ ಒಂದೊಂದೇ ಕಿತ್ತು ಮಡಿಲಿಗೆ ಹಾಕಿಕೊಂಡು, ಬರಿಗೈಯನ್ನು ಅವನ ತಲೆಯ ಮೇಲಿಟ್ಟರು.